ಒಂದು ಹಂಚೂ ನನ್ನದಲ್ಲ

ಬೋಳಾರದ ಬಾಗಿಯ ಮನೆಗೆ ಬೆಂಕಿ ಬಿದ್ದದ್ದು ಸಾವಿರದ ಒಂಬೈನೂರ ಮೂವತ್ತಾರರ ಮಾರ್ಚ್ ತಿಂಗಳಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಸ್ವಲ್ಪ ಅಡ್ಡಾಗುವ ಹೊತ್ತಿಗೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆಯಲ್ಲಿ ಭತ್ತ ಬೇಯಿಸಲು ಇಟ್ಟವಳು ಬಾಗಿಯೇ. ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಒಂದು ಕಿಡಿ ಹಾರಿ, ಮುಂದಿನ ಕೋಣೆಯ ಅಂಗಡಿಯಲ್ಲಿ ಅಳಿಯ ಚೆನ್ನಪ್ಪ ರಾಶಿ ಹಾಕಿದ್ದ ತೆಂಗಿನ ನಾರಿನ ಮೇಲೆ ಕೂತಿತು. ನಾರಿನಿಂದ ಹಗ್ಗಕ್ಕೆ, ಹಗ್ಗದಿಂದ ಅಟ್ಟದ ಕೊಬ್ಬರಿಗೆ. ಕೊಬ್ಬರಿಗೆ ಹಿಡಿದ ಮೇಲೆ ದೇವರೇ ಬಂದರೂ ಕೈಕಟ್ಟಿ ನಿಲ್ಲಬೇಕಾದ್ದೇ.

ಎದುರು ಮನೆಯ ಹಸನಬ್ಬ ತನ್ನ ಎತ್ತಿನ ಗಾಡಿಯನ್ನು ನಡುದಾರಿಯಲ್ಲೇ ಬಿಟ್ಟು ಓಡಿಬಂದು ಬಾವಿಯಿಂದ ನೀರು ಸೇದಿದ. ಇಡೀ ಕೇರಿಯೇ ಸೇದಿತು. ಸಂಜೆಗೆ ಉಳಿದದ್ದು ನಾಲ್ಕು ಕಪ್ಪು ಗೋಡೆ, ಹಿಂದಿನ ದನದ ಕೊಟ್ಟಿಗೆ ಮತ್ತು ಅರೆಬೆಂದ ಭತ್ತ. ಭತ್ತವನ್ನು ಬಾಗಿ ಬಿಡಲಿಲ್ಲ. ಮರುದಿನ ಅದನ್ನೇ ಮತ್ತೊಮ್ಮೆ ಬೇಯಿಸಿ ಒಣಗಿಸಿದಳು.

ಆ ಮನೆಯಲ್ಲಿದ್ದವರು ಐದು ಜನ. ಎಪ್ಪತ್ತು ದಾಟಿದ ಬಾಗಿ. ಅವಳ ಮಗ ಲೋಕಯ್ಯ, ಮನೆಯ ಯಜಮಾನ, ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವನ ಹೆಂಡತಿ ಮಕ್ಕಳು ಜೆಪ್ಪುವಿನಲ್ಲಿ, ಅವಳ ತಾಯಿಯ ಮನೆಯಲ್ಲಿ. ಅವನು ಹಗಲು ಉಣ್ಣುವುದು ಇಲ್ಲಿ, ರಾತ್ರಿ ಅಲ್ಲಿ. ಬಾಗಿಯ ಮಗಳು ಕುಶಲಾ, ಅವಳ ಗಂಡ ಚೆನ್ನಪ್ಪ, ಅವರಿಬ್ಬರ ಒಬ್ಬಳೇ ಮಗಳು ನಳಿನಾಕ್ಷಿ. ಬಲ್ಮಠದ ಕಡೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿತವಳೆಂದು ಕೇರಿಯವರು ತಾರು, ಕಾಗದ ಏನಿದ್ದರೂ ಅವಳ ಕೈಗೇ ತರುತ್ತಿದ್ದರು.

ಇವರದು ಅಳಿಯಸಂತಾನ. ಮನೆ ತಾಯಿಯಿಂದ ಮಗಳಿಗೆ. ಗಂಡಸು ದುಡಿದು ಕೂಡಿಟ್ಟದ್ದು, ಅವನು ಬೇರೆ ಏನೂ ಬರೆದಿಡದೆ ಸತ್ತರೆ, ಹೆಂಡತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಆದ್ದರಿಂದ ಬೋಳಾರದ ನೆಲ ಬಾಗಿಯ ಕುಟುಂಬದ್ದು. ಅದರ ಮೇಲಿದ್ದ ಹುಲ್ಲಿನ ಮನೆ ಕೆಡವಿ, ಹನ್ನೆರಡು ವರ್ಷದ ಹಿಂದೆ ಕೆಂಪುಕಲ್ಲಿನ ಗೋಡೆ ಎಬ್ಬಿಸಿ ಹಂಚು ಹೊದಿಸಿದವನು ಚೆನ್ನಪ್ಪ. ಅವನ ಸ್ವಂತ ಕುಟುಂಬದ ಮನೆ ಬಜಪೆಯಲ್ಲಿ. ಅಲ್ಲಿ ಅವನ ಅಕ್ಕ, ಅಕ್ಕನ ಮಗ ಗುಣಪಾಲ. ಚೆನ್ನಪ್ಪ ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಮನೆದೈವವಾದ ಭೂತಕ್ಕೆ ಕೈಮುಗಿಯಲು.

ಬೆಂಕಿ ಬಿದ್ದ ಮೂರನೆಯ ದಿನ ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಎಲ್ಲರೂ ಗಂಜಿಗೆ ಕೂತಿದ್ದರು. ಒಣಮೀನಿನ ಚಟ್ನಿ ಇತ್ತು. ಚೆನ್ನಪ್ಪ ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

"ಇನ್ಶೂರೆನ್ಸ್ ಉಂಟು," ಎಂದ.

"ಎಂತದು?" ಬಾಗಿಗೆ ಅರ್ಥವಾಗಲಿಲ್ಲ.

"ಬೆಂಕಿ ಬಿದ್ರೆ ಕಂಪೆನಿಯವರು ದುಡ್ಡು ಕೊಡುವುದು, ಅತ್ತೆ. ಎಂಟು ವರ್ಷದಿಂದ ಕಂತು ಕಟ್ತಾ ಇದ್ದೇನೆ. ಮನೆಗೆ ಸಾವಿರದೈನೂರು, ಅಂಗಡಿ ಸಾಮಾನಿಗೆ ಐನೂರು."

ಕುಶಲಾಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಸಾವಿರದೈನೂರು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

"ಯಾರ ಹೆಸರಲ್ಲಿ, ಭಾವ?" ಲೋಕಯ್ಯ ಕೇಳಿದ.

"ನನ್ನ ಹೆಸರಲ್ಲಿ."

"ಅದಲ್ಲ. ಮನೆ ಯಾರದ್ದು ಅಂತ ಬರೆಸಿದ್ದೀರಿ?"

"ಕಲ್ಲು ನಂದು, ಸುಣ್ಣ ನಂದು, ಹಂಚು ನಂದು. ಮತ್ತೆ ಯಾರದ್ದು ಅಂತ ಬರೆಸುವುದು?"

ಲೋಕಯ್ಯ ಅರ್ಧ ಗಂಜಿ ಬಿಟ್ಟು ಎದ್ದು ಕೈತೊಳೆದ. ಅನ್ನ ಬಿಡುವ ಗಂಡಸಲ್ಲ ಅವನು. ಆ ಹೊತ್ತಿನಿಂದ ಮನೆಯಲ್ಲಿ ಜಗಳ ಶುರುವಾಯಿತು ಎನ್ನಬಹುದು.

ಪಾತ್ರೆ ತೊಳೆಯುತ್ತ ಕುಶಲಾ ಗಂಡನನ್ನು ಹಿಡಿದಳು. "ಎಂಟು ವರ್ಷ ಕಟ್ಟಿದ್ದೀರಿ. ನನಗೂ ಹೇಳ್ಲಿಲ್ಲ."

"ಹೇಳಿದ್ರೆ ವರ್ಷದ ಆ ಹನ್ನೆರಡು ರೂಪಾಯಿಗೆ ನೀನು ಸೀರೆ ಕೇಳ್ತಿದ್ದೆ."

"ಕೇಳ್ತಿದ್ದೆ. ಕೊಡ್ತಿದ್ರಾ?"

ಚೆನ್ನಪ್ಪ ಕಪ್ಪು ಗೋಡೆಗಳ ಕಡೆ ನಡೆದ.

ಮುಂದಿನ ಸೋಮವಾರ ಕಂಪೆನಿಯ ಏಜೆಂಟ್ ಬಂದರು. ಹೆಸರು ಜೋನ್. ಊರಿನವರೆಲ್ಲ ಕ್ರಿಸ್ತುವರನ್ನು ಕರೆಯುವಂತೆ ಇವರೂ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು. ಬಿಳಿ ಕೋಟು, ಸೈಕಲಿಗೆ ಕಟ್ಟಿದ ಕೊಡೆ, ಮೂಗಿನ ತುದಿಯಲ್ಲಿ ಕನ್ನಡಕ. ಗೋಡೆ ಅಳೆದರು, ಬೂದಿ ಕೆದಕಿದರು, ಹಂಡೆ ಇಟ್ಟಿದ್ದ ಕಲ್ಲುಗಳನ್ನು ಬಗ್ಗಿ ನೋಡಿದರು. ಆಗ ಬಾಗಿಯ ಜೀವ ಹಾರಿತು.

"ಬೆಂಕಿ ನನ್ನಿಂದ ಆದದ್ದು, ಪೊರ್ಬುಗಳೇ. ನನ್ನನ್ನು ಹಿಡ್ಕೊಂಡು ಹೋಗ್ತೀರಾ?"

"ಬೇಕೂಂತ ಹಚ್ಚಿದ್ದಲ್ಲ ಅಲ್ವಾ ಅಮ್ಮ? ಕೈತಪ್ಪಿ ಆಗುವುದಕ್ಕೇ ಇನ್ಶೂರೆನ್ಸ್ ಇರುವುದು. ನೀವು ಹೆದರ್ಬೇಡಿ. ನೆಲದ ಕಾಗದ ಉಂಟಾ, ಒಮ್ಮೆ ತೋರಿಸಿ."

ಬೆಂಕಿಯಿಂದ ಬಾಗಿ ಮೊದಲು ಹೊರಗೆ ತಂದದ್ದೇ ಆ ತಗಡಿನ ಡಬ್ಬಿ. ನೆಲವನ್ನು ಕಾಯಂ ಗೇಣಿಗೆ ಕೊಟ್ಟ ಮೂಲಗೇಣಿ ಚೀಟು ಅವಳ ತಾಯಿಯ ಹೆಸರಿನಲ್ಲಿತ್ತು. ಜೋನ್ ಎರಡು ಸಲ ಓದಿ ಕನ್ನಡಕ ತೆಗೆದರು.

"ಚೆನ್ನಪ್ಪಣ್ಣ, ನೆಲ ಹೆಂಡತಿಯ ಕುಟುಂಬದ್ದು ಅಂತ ನೀವು ನನಗೆ ಹೇಳ್ಲಿಲ್ಲ."

"ನೀವು ಕೇಳಲೂ ಇಲ್ಲ."

"ಅದೂ ಸರಿ. ನಾನು ಕೇಳ್ಬೇಕಿತ್ತು." ಜೋನ್ ಕಲ್ಲಿನ ಮೇಲೆ ಕೂತರು. "ನೋಡಿ, ಹಸನಬ್ಬರ ಮನೆಗೆ ನಾನು ಕಂತು ಕಟ್ಟಿದೆ ಅಂತ ಇಟ್ಕೊಳ್ಳಿ. ಅವರ ಮನೆ ಸುಟ್ರೆ ನನಗೆ ಹಣ. ಆಗ ನಾನು ಬೆಂಕಿಪೆಟ್ಟಿಗೆ ಹಿಡ್ಕೊಂಡು ಅವರ ಮನೆ ಸುತ್ತ ತಿರುಗಲಿಕ್ಕಿಲ್ವಾ?"

"ತಿರುಗಿ ಪೊರ್ಬುಗಳೇ," ಎಂದ ಹಸನಬ್ಬ ಬೇಲಿಯಾಚೆಯಿಂದ. "ನನ್ನ ಮನೆಯಲ್ಲಿ ಸುಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?"

ಯಾರೂ ನಗಲಿಲ್ಲ. ಜೋನ್ ಮುಂದುವರಿಸಿದರು. "ಅದಕ್ಕೇ ಕಾನೂನು. ಸುಟ್ರೆ ಯಾರಿಗೆ ನಷ್ಟವೋ ಅವರಿಗೇ ಪರಿಹಾರ. ಅದೂ ಹೋದಷ್ಟೇ, ಒಂದು ಕಾಸು ಹೆಚ್ಚಿಲ್ಲ. ಸಾಮಾನು ನಿಮ್ಮದು, ಅದರಲ್ಲಿ ತಕರಾರಿಲ್ಲ. ಮನೆ ನಿಮ್ಮದು ಅಂತಾದರೆ ನೆಲದ ಯಜಮಾನರು ಬರೆದು ಕೊಡ್ಬೇಕು. ನೆಲ ಮಾತ್ರ ನಮ್ಮದು, ಕಟ್ಟಡ ಚೆನ್ನಪ್ಪನದು, ನಮಗೆ ಅದರಲ್ಲಿ ಹಕ್ಕಿಲ್ಲ, ಅಂತ."

ಚೆನ್ನಪ್ಪ ಲೋಕಯ್ಯನ ಮುಖ ನೋಡಿದ. ಲೋಕಯ್ಯ ನೆಲ ನೋಡಿದ.

ಮರುದಿನ ಮಧ್ಯಾಹ್ನದ ಊಟದಲ್ಲಿ ಆ ಮಾತು ಹೊರಬಿತ್ತು. ಅಂದು ಬಸಳೆ ಸೊಪ್ಪಿನ ಸಾರು.

"ನಾನು ಬರೆದು ಕೊಡುವುದಿಲ್ಲ," ಎಂದ ಲೋಕಯ್ಯ. "ಕಟ್ಟಡ ನಿಮ್ಮದು ಅಂತ ನಾನು ರುಜು ಹಾಕಿದೆ ಅಂತ ಇಟ್ಕೊಳ್ಳಿ. ನಾಳೆ ನಿಮಗೆ ಹೆಚ್ಚುಕಮ್ಮಿ ಆದ್ರೆ ಬಜಪೆಯಿಂದ ಗುಣಪಾಲ ಬರ್ತಾನೆ. ಮಾವನ ಮನೆ, ಅಳಿಯನಿಗೆ ಸೇರ್ಬೇಕು ಅಂತಾನೆ. ಕುಶಲಾ, ನಳಿನಿ ಎಲ್ಲಿಗೆ ಹೋಗ್ಬೇಕು?"

"ಹಣ ಬಂದ ಮರುದಿನವೇ ಕುಶಲಾಳ ಹೆಸರಿಗೆ ದಾನಪತ್ರ ಬರೀತೇನೆ."

"ಮರುದಿನ ಅಂತ ಒಂದು ದಿನ ಉಂಟಲ್ಲ ಭಾವ, ನಾನು ಹೆದರುವುದು ಅದಕ್ಕೇ."

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳಿ."

"ನಂಬಿಕೆಯ ಮಾತಲ್ಲ. ನಾಲ್ಕು ವರ್ಷದ ಹಿಂದೆ ಇದೇ ಗುಣಪಾಲ ನಿಮ್ಮನ್ನು ಮುನ್ಸೀಫ್ ಕೋರ್ಟಿಗೆ ಎಳೆದದ್ದು ಮರೆತುಹೋಯ್ತಾ?"

ಯಾರೂ ಮರೆತಿರಲಿಲ್ಲ. ಬಜಪೆಯ ಗದ್ದೆಯ ಹುಟ್ಟುವಳಿಯಲ್ಲೇ ಮಾವ ಪೇಟೆಯಲ್ಲಿ ಮನೆ ಕಟ್ಟಿದ್ದಾನೆ, ಅದು ನಮ್ಮ ಕುಟುಂಬದ ಆಸ್ತಿ ಎಂದು ಗುಣಪಾಲ ದಾವೆ ಹೂಡಿದ್ದ. ಚೆನ್ನಪ್ಪ ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, 'ಆ ಮನೆ ನನ್ನ ಹೆಂಡತಿಯ ಕುಟುಂಬದ್ದು, ಅದರಲ್ಲಿ ಒಂದು ಹಂಚೂ ನನ್ನದಲ್ಲ' ಎಂದು ಹೇಳಿ ಬಂದಿದ್ದ. ದಾವೆ ವಜಾ ಆಯಿತು. ಆ ಸಂಜೆ ಹಂಪನಕಟ್ಟೆಯಿಂದ ಒಂದು ಸೇರು ಹಲ್ವ ತಂದು, ಕಟಕಟೆಯಲ್ಲಿ ನಿಂತ ಹಾಗೆಯೇ ನಿಂತು, ಅದೇ ಮಾತನ್ನು ಮತ್ತೊಮ್ಮೆ ಹೇಳಿ ಎಲ್ಲರನ್ನೂ ನಗಿಸಿದ್ದ. ಬಾಗಿ ಕೂಡ ನಕ್ಕಿದ್ದಳು. ಕೋರ್ಟಿಗೆ ನನ್ನದಲ್ಲ ಎಂದವನು ಕಂಪೆನಿಗೆ ನನ್ನದು ಎಂದು ಕಂತು ಕಟ್ಟುತ್ತಲೇ ಇದ್ದಾನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಅದು ತಪ್ಪೆಂದು ಹೊಳೆದಿರಲಿಲ್ಲ. ಅವನ ಲೆಕ್ಕದಲ್ಲಿ ಎರಡೂ ನಿಜವೇ: ಕಟ್ಟಿದವನು ತಾನು, ಕಟ್ಟಿದ್ದು ಹೆಂಡತಿಗಾಗಿ.

"ಅತ್ತೆ, ನೀವಾದರೂ ಹೇಳಿ," ಎಂದ ಚೆನ್ನಪ್ಪ.

ಬಾಗಿ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ನಾನು ಎಂತ ಹೇಳುವುದು? ನೀವು ಎಷ್ಟಾದರೂ ಹೊರಗಿನವರು. ಹೊರಗಿನವರಿಗೆ ಹಕ್ಕಿನ ಕಾಗದ ಬರೆದು ಕೊಟ್ಟವರು ಈ ಮನೆಯಲ್ಲಿ ಯಾರೂ ಇಲ್ಲ."

"ನಿಮ್ಮ ಹಂಡೆಯ ಬೆಂಕಿಗೆ ಮನೆ ಹೋದದ್ದು," ಎಂದುಬಿಟ್ಟ ಚೆನ್ನಪ್ಪ. "ಆ ಮನೆ ಕಟ್ಟಿದ ಮೇಲೆ ಹನ್ನೆರಡು ವರ್ಷ ನೀವು ಒದ್ದೆಯಾಗದೆ ಮಲಗಿದ್ದೀರಿ. ಹೊರಗಿನವನು ಕಟ್ಟಿದ ಮಾಡಿನ ಕೆಳಗೆ!"

ಮಾತು ಆಡಿದರೆ ಹೋಯಿತು. ಬಾಗಿ ಎದ್ದು ಹೋದಳು. ಅಂದಿನಿಂದ ಅವಳು ಅಳಿಯನಿಗೆ ಬಡಿಸಲಿಲ್ಲ. ಚೆನ್ನಪ್ಪ ಬಂದರಿನ ಒಂದು ಹೋಟೆಲಿನಲ್ಲಿ ಉಣ್ಣತೊಡಗಿದ. ಊಟಕ್ಕೆ ಎರಡಾಣೆ, ಮೀನು ಬೇಕಾದರೆ ಮೂರು. ಒಂದು ವಾರ ಕಳೆದ ಮೇಲೆ ಕುಶಲಾ ನಳಿನಾಕ್ಷಿಯ ಕೈಯಲ್ಲಿ ಬುತ್ತಿ ಕಳಿಸಿದಳು. ಬುತ್ತಿಯ ಜೊತೆ ಒಂದು ಮಾತನ್ನೂ ಕಳಿಸಿದಳು: ದಿನಕ್ಕೆ ನಾಲ್ಕಾಣೆ ಹೋಟೆಲಿಗೆ ಸುರಿದರೆ ಕೊಟ್ಟಿಗೆಗೆ ತೆಂಗಿನ ಮಡಲು ಹೊದಿಸುವುದು ಯಾವುದರಲ್ಲಿ? ಚೆನ್ನಪ್ಪ ಬುತ್ತಿ ಉಂಡ. ಆ ರಾತ್ರಿಯಿಂದ ಮನೆಗೆ ಊಟಕ್ಕೆ ಬಂದ. ಬಡಿಸುವುದು ಕುಶಲಾಳೇ.

ಏಪ್ರಿಲ್ ಕೊನೆಗೆ ಒಂದು ಸಂಜೆ ಗುಡುಗು ಮಳೆ ಬಂತು. ಕೊಟ್ಟಿಗೆಯ ಮಾಡು ಏಳು ಕಡೆ ಸೋರಿತು. ಅಕ್ಕಿಯ ಮಡಕೆಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆದು ಎಳೆದು ಕುಶಲಾಳ ಸೊಂಟ ಬಿದ್ದುಹೋಯಿತು. ಮರುದಿನ ಲೋಕಯ್ಯ ಕಾರ್ಖಾನೆಯಿಂದ ಊಟಕ್ಕೆ ಬಂದಾಗ ಅವಳು ಅನ್ನ ಬಡಿಸದೆ ಎದುರು ನಿಂತಳು.

"ಅಣ್ಣ, ಮಳೆಗಾಲಕ್ಕೆ ನಮ್ಮನ್ನೆಲ್ಲ ಜೆಪ್ಪುವಿಗೆ ಕರ್ಕೊಂಡು ಹೋಗ್ತೀಯಾ?"

"ನಿನ್ನ ಅತ್ತಿಗೆಯ ಮನೆಗಾ?"

"ಮತ್ತೆ? ನಿನಗಾದರೆ ರಾತ್ರಿ ಮಲಗಲಿಕ್ಕೆ ಹೆಂಡತಿ ಮನೆ ಉಂಟು. ನಾವು ನಾಲ್ಕು ಜನ ಬರ್ತೇವೆ. ಅಮ್ಮನ ಹಂಡೆಯನ್ನೂ ತರ್ತೇವೆ."

ಲೋಕಯ್ಯ ತನ್ನ ಅತ್ತೆಯ ಮುಖವನ್ನು ಒಮ್ಮೆ ನೆನೆದುಕೊಂಡಿರಬೇಕು. "ಅನ್ನ ಹಾಕು," ಎಂದ. ಉಂಡು ಮುಗಿಸಿ ನಳಿನಾಕ್ಷಿಯನ್ನು ಕರೆದ. "ಮಗಳೇ, ಆ ಪೊರ್ಬುಗಳು ಹೇಳಿದ ಹಾಗೆ ಒಂದು ಕಾಗದ ಬರಿ. ರುಜು ಹಾಕ್ತೇನೆ."

ರುಜು ಹಾಕಿದ ಮೇಲೆ ಪೆನ್ನು ಹಿಂದೆ ಕೊಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದ. "ಒಂದು ಮಾತು. ಕೋರ್ಟಿನ ಸಂಗತಿ ಪೊರ್ಬುಗಳ ಹತ್ತಿರ ಯಾರೂ ಎತ್ತುವುದು ಬೇಡ. ಅವರಿಗೆ ಅದು ಬೇಕಾಗಿಲ್ಲ."

ಬಾಗಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಎದ್ದದ್ದು ಸಂಜೆ ದೀಪ ಹಚ್ಚಲು ಮಾತ್ರ.

ಮೇ ತಿಂಗಳ ಮೊದಲ ವಾರ ಚೆನ್ನಪ್ಪ ಮಗಳನ್ನು ಕರೆದುಕೊಂಡು ಜೋನ್ ಅವರ ಆಫೀಸಿಗೆ ಹೋದ. ಹಂಪನಕಟ್ಟೆಯಲ್ಲಿ ಒಂದು ಔಷಧದ ಅಂಗಡಿಯ ಮಾಳಿಗೆ. ಇಂಗ್ಲಿಷ್ ಫಾರಮ್ಮನ್ನು ತುಂಬುವುದು ನಳಿನಾಕ್ಷಿಯ ಕೆಲಸ. ಲೋಕಯ್ಯನ ಕಾಗದ ಓದಿ ಜೋನ್ ತಲೆಯಾಡಿಸಿದರು.

"ಇದು ಸಾಕು. ಇನ್ನು ಕೊನೆಯ ಪ್ರಶ್ನೆ ಒಂದುಂಟು. ಅದಕ್ಕೆ ಮೊದಲು ನಾನು ಒಂದು ಮಾತು ಹೇಳ್ತೇನೆ, ಎಲ್ಲರಿಗೂ ಹೇಳುವುದೇ. ಚೆನ್ನಪ್ಪಣ್ಣ, ನೀವು ಮೀನು ತಗೊಳ್ಳುವಾಗ ಎಂತ ನೋಡ್ತೀರಿ?"

"ಕಿವಿರು ಎತ್ತಿ ನೋಡ್ತೇನೆ. ಕೆಂಪುಂಟಾ ಇಲ್ವಾ ಅಂತ."

"ಹಾಳು ಮೀನು ತಂದ್ರೆ ತಪ್ಪು ನಿಮ್ಮದು, ನೋಡ್ಬೇಕಿತ್ತು. ಆದರೆ ಇನ್ಶೂರೆನ್ಸ್ ಹಾಗಲ್ಲ. ಮದರಾಸಿನಲ್ಲಿ ಕೂತ ಕಂಪೆನಿಗೆ ಬೋಳಾರದ ಮನೆಯ ಕಿವಿರು ಎತ್ತಿ ನೋಡ್ಲಿಕ್ಕೆ ಆಗುವುದಿಲ್ಲ. ಎಲ್ಲ ಗೊತ್ತಿರುವುದು ನಿಮಗೊಬ್ಬರಿಗೆ. ಕೇಳಿದ್ದಕ್ಕೂ ಹೇಳ್ಬೇಕು, ಕೇಳದೆ ಇದ್ರೂ ಮುಖ್ಯವಾದ್ದು ನೀವೇ ಹೇಳ್ಬೇಕು. ಬರಿ ಮಗಳೇ. ಈ ಮನೆಯ ಹಕ್ಕಿನ ಬಗ್ಗೆ ಮೊದಲು ಎಲ್ಲಿಯಾದರೂ ಬೇರೆ ರೀತಿಯ ಹೇಳಿಕೆ ಕೊಟ್ಟದ್ದು ಉಂಟಾ?"

"ಇಲ್ಲ," ಎಂದ ಚೆನ್ನಪ್ಪ.

ನಳಿನಾಕ್ಷಿ ಪೆನ್ನನ್ನು ಮಸಿಯಲ್ಲಿ ಅದ್ದಿದಳು. ಬರೆಯಲಿಲ್ಲ.

"ಇಲ್ಲ ಅಂತ ಬರಿ."

"ಅಪ್ಪ," ಎಂದಳು ಅವಳು ಮೆಲ್ಲಗೆ. "ಆ ದಿನ ನೀವು ತಂದ ಹಲ್ವ ನಾನೂ ತಿಂದಿದ್ದೇನೆ."

ಪೆನ್ನಿನ ತುದಿಯಿಂದ ಒಂದು ಹನಿ ಮಸಿ ಒತ್ತುಕಾಗದದ ಮೇಲೆ ಬಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧ ಕೇಳುತ್ತಿದ್ದರು. ಜೋನ್ ಇಬ್ಬರ ಮುಖವನ್ನೂ ನೋಡಿದರು.

ಚೆನ್ನಪ್ಪನಿಗೆ ಸಾವಿರದೈನೂರು ರೂಪಾಯಿ ಎದುರಿಗೇ ಇತ್ತು. ಒಂದು ಸಣ್ಣ ಮಾತು ಬರೆದರೆ ಮನೆ ಏಳುತ್ತದೆ. ಆದರೆ ಆ ಮಾತಿನೊಂದಿಗೆ 'ಮನೆ ನನ್ನದು' ಎಂಬುದೂ ಲೋಕಯ್ಯನ ರುಜುವಿನೊಂದಿಗೆ ಕಾಗದದ ಮೇಲೆ ಉಳಿಯುತ್ತದೆ, ತಾನು ಸತ್ತ ದಿನ ಗುಣಪಾಲ ಹುಡುಕುವುದು ಅದನ್ನೇ. ಇದೆಲ್ಲ ಅವನಿಗೆ ಮೊದಲೂ ಗೊತ್ತಿತ್ತು. ಅದನ್ನು ಮಗಳ ಕೈಯಲ್ಲೇ ಬರೆಸಬೇಕಾದಾಗ ನಾಲಗೆ ಏಳಲಿಲ್ಲ.

"ಉಂಟು ಪೊರ್ಬುಗಳೇ," ಎಂದ. "ಮುನ್ಸೀಫ್ ಕೋರ್ಟಿನಲ್ಲಿ. ಪ್ರಮಾಣ ಮಾಡಿ ಹೇಳಿದ್ದೇನೆ. ಒಂದು ಹಂಚೂ ನನ್ನದಲ್ಲ ಅಂತ."

ಜೋನ್ ನಿಟ್ಟುಸಿರು ಬಿಟ್ಟು ಫಾರಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದರೆ ಮನೆಯ ಹಣ ಸಿಕ್ಕುವುದಿಲ್ಲ. ನಿಮ್ಮದಲ್ಲದ ಮನೆಗೆ ನೀವು ಕರಾರು ಮಾಡಿದ ಹಾಗಾಯ್ತು. ಆ ಕರಾರಿಗೆ ಜೀವವೇ ಇರಲಿಲ್ಲ."

"ನನ್ನದಲ್ಲದ ಮನೆ ಸುಟ್ಟು ನಾನು ದನದ ಕೊಟ್ಟಿಗೆಯಲ್ಲಿ ಮಲಗಿದ್ದೇನೆ. ಅದು ನಷ್ಟ ಅಲ್ವಾ?"

"ನಷ್ಟವೇ ಚೆನ್ನಪ್ಪಣ್ಣ. ಅದನ್ನು ಬರೀಲಿಕ್ಕೆ ಈ ಫಾರಮ್ಮಿನಲ್ಲಿ ಜಾಗ ಇಲ್ಲ." ತಾವೇ ಪೆನ್ನು ತೆಗೆದುಕೊಂಡರು. "ಇಲ್ಲ ಅಂತ ಬರೆದು, ಆಮೇಲೆ ಗೊತ್ತಾಗಿದ್ರೆ ಸಾಮಾನಿನ ಹಣವೂ ಹೋಗ್ತಿತ್ತು. ನೀವು ಮೋಸ ಮಾಡ್ಲಿಲ್ಲ ಅಂತ ನಾನು ಬರೀತೇನೆ. ಮನೆಯ ಬಾಬಿನ ಕಂತಾದರೂ ವಾಪಾಸು ಬಂದೀತು."

ಚೆನ್ನಪ್ಪ ಮಗಳೊಡನೆ ಮಾಳಿಗೆ ಇಳಿದ. ಬಿಸಿಲಲ್ಲಿ ಒಂದು ಮೈಲು ನಡೆದ ಮೇಲೆ ಒಂದು ಮರದ ಕೆಳಗೆ ನಿಂತ.

"ಸಾವಿರದೈನೂರು ರೂಪಾಯಿಯ ಹಲ್ವ ತಿಂದವಳು ಈ ಊರಿನಲ್ಲಿ ನೀನೊಬ್ಬಳೇ."

"ಮನೆ ನಿಮ್ಮದು ಅಂತ ಬರೆದ್ರೆ ನಾಳೆ ಗುಣಪಾಲ ಭಾವ ಬಂದು ಅಮ್ಮನನ್ನೂ ನನ್ನನ್ನೂ ಹೊರಗೆ ಹಾಕ್ತಿದ್ರು, ಅಪ್ಪ."

"ಗೊತ್ತುಂಟು. ಅವತ್ತು ಕೋರ್ಟಿನಲ್ಲಿ ಹಾಗೆ ಹೇಳಿದ್ದು ಮತ್ತೆ ಎಂತಕ್ಕೆ?" ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡ. "ನಡಿ. ನಿನ್ನ ಮಾವನಿಗೆ ಹೇಳುವುದು ನೀನೇ. ನನ್ನಿಂದ ಆಗುವುದಿಲ್ಲ."

ಅವಳೇ ಹೇಳಿದಳು. ಲೋಕಯ್ಯ ಹಾರಾಡಿದ.

"ನಾನು ರುಜು ಹಾಕಿ ಕೊಟ್ಟ ಮೇಲೆ! ಊರಿಗೆಲ್ಲ ಸತ್ಯ ಹೇಳ್ಲಿಕ್ಕೆ ನೀವು ಯಾರು, ಹರಿಶ್ಚಂದ್ರನ ಮೊಮ್ಮಕ್ಕಳಾ? ಮಳೆಗೆ ಇನ್ನು ಒಂದು ತಿಂಗಳಿಲ್ಲ!"

"ರುಜು ಹಾಕುವುದಿಲ್ಲ ಅಂತ ಒಂದು ತಿಂಗಳು ಕೂತವನು ನೀನೇ ಅಣ್ಣ," ಎಂದಳು ಕುಶಲಾ. "ಈಗ ಹಾಕಿದ್ದು ದಂಡ ಆಯ್ತು ಅಂತ ನೀನೇ ಬೊಬ್ಬೆ ಹಾಕ್ತೀ."

ಲೋಕಯ್ಯ ಬೀಡಿ ಹಚ್ಚಿದ. ಮೂಲೆಯಲ್ಲಿ ಕೂತು ಒಲೆಗೆ ತೆಂಗಿನ ಗರಿ ಸಿಗಿಯುತ್ತಿದ್ದ ಬಾಗಿ ಈಗ ಮೊಮ್ಮಗಳನ್ನು ಕರೆದಳು.

"ನಳಿನಿ, ಹಾಗಾದರೆ ಈಗ ಮನೆ ಯಾರದ್ದು?"

"ನಮ್ಮದು, ಅಜ್ಜಿ. ನಿಮ್ಮದು, ಅಮ್ಮನದು, ನನ್ನದು, ಮಾವನದು."

"ಅವರದ್ದು?"

"ಅಪ್ಪನದು ಏನೂ ಇಲ್ಲ. ಮತ್ತೊಮ್ಮೆ ಹೇಳಿ ಬಂದ್ರು, ಈ ಸಲ ಪೊರ್ಬುಗಳ ಎದುರು."

ಬಾಗಿ ಗರಿಯ ಕಟ್ಟನ್ನು ಒಲೆಯ ಬದಿಗೆ ಇಟ್ಟು ಎದ್ದಳು. ಅಂದು ಬಂಗುಡೆ ಮೀನು ಸಿಕ್ಕಿತ್ತು. ಆರು ವಾರ ಅಳಿಯನ ಬಟ್ಟಲಿನ ಕಡೆ ಕಣ್ಣು ಹಾಯಿಸದವಳು ತಾನೇ ಸೌಟು ಹಿಡಿದು ಅವನಿಗೆ ಅನ್ನ ಹಾಕಿದಳು, ಹುರಿದ ಬಂಗುಡೆ ಎರಡು ಇಟ್ಟಳು. ಲೋಕಯ್ಯನಿಗೆ ಒಂದು. ಲೋಕಯ್ಯ ಅದನ್ನು ಗಮನಿಸಿದ. ಚೆನ್ನಪ್ಪ ತಲೆ ತಗ್ಗಿಸಿ ಎರಡನ್ನೂ ತಿಂದ. ಮುಳ್ಳು ಬಿಡಿಸಲು ಬಹಳ ಹೊತ್ತು ತೆಗೆದುಕೊಂಡ.

ಜೋನ್ ಮಾತು ಉಳಿಸಿದರು. ಹತ್ತೇ ದಿನದಲ್ಲಿ ಮದರಾಸಿನಿಂದ ಕಾಗದ ಬಂತು. ಸುಟ್ಟ ಸಾಮಾನಿಗೆ ನಾನೂರ ಹತ್ತು ರೂಪಾಯಿ, ಐನೂರು ಎಂದು ಬರೆಸಿದ್ದರೂ ಹೋದದ್ದು ಅಷ್ಟೇ ಎಂದು. ಮನೆಯ ಬಾಬು ಕಟ್ಟಿದ್ದ ಎಂಟು ವರ್ಷದ ಕಂತು ವಾಪಾಸು, ಎಪ್ಪತ್ತೆರಡು ರೂಪಾಯಿ. ಲೋಕಯ್ಯ ಕಾರ್ಖಾನೆಯಲ್ಲಿ ಸಂಬಳದಿಂದ ಹಿಡಿಯುವ ಕರಾರಿನ ಮೇಲೆ ಎರಡನೇ ನಂಬರಿನ ಹಂಚು ಹೊರಡಿಸಿದ. ಮೂಲೆ ಮುಕ್ಕಾದವು, ಬಣ್ಣ ಹೆಚ್ಚು ಕಡಿಮೆಯಾದವು. ಹಸನಬ್ಬ ಗಾಡಿ ಬಾಡಿಗೆ ತೆಗೆದುಕೊಳ್ಳದೆ ನಾಲ್ಕು ಸರ್ತಿ ತಂದು ಹಾಕಿದ, ಎತ್ತಿಗೆ ಹುಲ್ಲು ಮಾತ್ರ ಕೇಳಿದ. ಹಳೆಯ ಗೋಡೆಗಳನ್ನೇ ಕೆರೆದು ಸುಣ್ಣ ಬಳಿದರು. ಮೊದಲು ಐದು ಕೋಣೆ ಇದ್ದ ಮನೆ ಈಗ ಎರಡು ಕೋಣೆ, ಒಂದು ಅಡಿಗೆಮನೆ. ಚೆನ್ನಪ್ಪ ನಾರು ಕೊಬ್ಬರಿಗಳನ್ನು ಮನೆಗೆ ತರುವುದನ್ನೇ ಬಿಟ್ಟು ಬಂದರಿನಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದ. ಬಾಗಿ ಭತ್ತ ಬೇಯಿಸುವ ಕಲ್ಲುಗಳನ್ನು ಬಾವಿಯ ಆಚೆಗೆ ಹೊತ್ತು ಹಾಕಿಸಿದಳು.

ಜೂನ್ ಮೊದಲ ವಾರ, ಕೊನೆಯ ಸಾಲು ಹಂಚು ಏರಿದ ಮೂರನೆಯ ದಿನ, ಜೋನ್ ಮತ್ತೆ ಸೈಕಲ್ ನೂಕಿಕೊಂಡು ಬಂದರು. ಮಳೆ ಇನ್ನೇನು ಬರುವ ಹಾಗಿತ್ತು.

"ಈ ಸಲ ಸರಿಯಾಗಿ ಮಾಡುವ," ಎಂದು ಹೊಸ ಫಾರಮ್ಮನ್ನು ಮಣೆಯ ಮೇಲೆ ಹರಡಿದರು. "ಮನೆ ಬಾಗಿ ಅಮ್ಮನ ಕುಟುಂಬದ್ದು. ಕುಟುಂಬದ ಪರವಾಗಿ ಯಜಮಾನರು ಲೋಕಯ್ಯ. ಸರಿಯಾ?"

"ಸರಿ," ಎಂದ ಲೋಕಯ್ಯ. ರುಜು ಹಾಕಿದ. ಬಾಗಿ ಹೆಬ್ಬೆಟ್ಟು ಒತ್ತಿ ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿದಳು. ಹೊಸ ಸುಣ್ಣದ ಕಂಬ. ಕುಶಲಾ ಹಲ್ಲು ಕಚ್ಚಿದಳು.

"ಕಂತು ಆರು ರೂಪಾಯಿ. ಯಾರು ಕಟ್ತೀರಿ?"

ಲೋಕಯ್ಯ ಮಾಡು ನೋಡಿದ. ಹಂಚಿನ ಸಾಲ ತಿಂಗಳು ತಿಂಗಳು ಸಂಬಳದಲ್ಲಿ ಕಡಿಯುತ್ತ ಇತ್ತು. ಚೆನ್ನಪ್ಪ ಸೊಂಟದ ಚೀಲ ಬಿಚ್ಚಿ ಆರು ರೂಪಾಯಿ ಮಣೆಯ ಮೇಲೆ ಇಟ್ಟ.

"ನಿಮ್ಮ ಹೆಸರಿಗೆ ಅಲ್ಲ ಇದು," ಎಂದರು ಜೋನ್, ಗೊತ್ತಿರಲಿ ಎಂದು. "ನಾಳೆ ಹಣ ಬಂದ್ರೂ ನಿಮ್ಮ ಕೈಗೆ ಬರುವುದಿಲ್ಲ."

"ಗೊತ್ತುಂಟು. ರಶೀದಿ ಕೊಡಿ."

ರಶೀದಿ ಬರೆದು ಜೋನ್ ಫಾರಮ್ಮಿನ ಕೆಳಗಿನ ಗೆರೆಗೆ ಬೆರಳಿಟ್ಟರು. "ಇನ್ನು ಒಂದು ಸಾಕ್ಷಿ ರುಜು."

"ನಾನು ಹಾಕ್ತೇನೆ," ಎಂದ ಚೆನ್ನಪ್ಪ. ಇಡೀ ಕಾಗದದಲ್ಲಿ ತನ್ನ ಹೆಸರು ಇಡಲು ಉಳಿದದ್ದು ಅದೊಂದೇ ಜಾಗ. ಪೆನ್ನು ತೆಗೆದುಕೊಂಡ.

"ತಡೀರಿ." ಜೋನ್ ಕನ್ನಡಕ ಸರಿಮಾಡಿಕೊಂಡರು. "ಸಾಕ್ಷಿ ಹೊರಗಿನವರು ಆಗ್ಬೇಕು. ಮನೆಯವರು ಹಾಕಿದ್ರೆ ಕಂಪೆನಿ ಒಪ್ಪುವುದಿಲ್ಲ. ಈಗ ಕಾಗದದ ಪ್ರಕಾರ ನೀವು ಇವರ ಕುಟುಂಬ ಅಲ್ಲ, ಹೌದು. ಹಾಗಾದರೆ ನಿಮ್ಮನ್ನು ಹೊರಗಿನವರು ಅಂತ ತಗೊಳ್ಳಬಹುದಾ? ನೀವೇ ಹೇಳಿ, ಯಜಮಾನ್ರೆ."

ಲೋಕಯ್ಯ ತಾಯಿಯ ಕಡೆ ನೋಡಿದ. ಕುಶಲಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಪೆನ್ನು ಹಿಡಿದ ಚೆನ್ನಪ್ಪ ಯಾರ ಕಡೆಗೂ ನೋಡಲಿಲ್ಲ.

"ಇವರು ಆಗುವುದಿಲ್ಲ ಪೊರ್ಬುಗಳೇ," ಎಂದಳು ಬಾಗಿ. "ಇವರು ಮನೆಯವರು." ಅಷ್ಟು ಹೇಳಿ ಒಲೆಯ ಮೇಲಿನ ಅನ್ನ ನೋಡಲು ಒಳಗೆ ತಿರುಗಿದಳು. ತಿರುಗಿದವಳು ಅಲ್ಲಿಂದಲೇ ಕೂಗಿದಳು. "ಹೊರಗಿನವರು ಬೇಕಾದರೆ ಹಸನಬ್ಬನನ್ನು ಕರೀರಿ. ಪೊರ್ಬುಗಳಿಗೂ ಊಟಕ್ಕೆ ಹೇಳಿ."

ಚೆನ್ನಪ್ಪ ಪೆನ್ನನ್ನು ಮಣೆಯ ಮೇಲೆ ಇಟ್ಟ. ಎದ್ದು, ಅಂಗಳ ದಾಟಿ, ಹಸನಬ್ಬನನ್ನು ಕರೆಯಲು ಹೋದ. ಬೇಲಿಯ ಹತ್ತಿರ ತಲುಪುವಾಗ ಮಳೆಯ ಮೊದಲ ಹನಿಗಳು ಬಿದ್ದವು. ಅವನು ಹಿಂದೆ ತಿರುಗಿ, ಹಂಚು ಎಲ್ಲಿಯಾದರೂ ಸೋರುತ್ತದೆಯೋ ಎಂದು ಒಮ್ಮೆ ನೋಡಿಕೊಂಡ.